ಅಪ್ಪನ ಗಡಿಯಾರವೂ ಪಾಠಶುದ್ಧಿಯೂ

ಕೈಗಡಿಯಾರವೊಂದರ ರಿಪೇರಿಯನ್ನು ಕುರಿತು ಸಾಹಿತ್ಯದ ಪುಟದಲ್ಲಿ ಬರೆಯಹೊರಟವನನ್ನು ವಾಚಕರು ಅನುಮಾನದಿಂದ ನೋಡಿದರೆ ಅದು ಅವರ ತಪ್ಪಲ್ಲ. ನಾನು ಮೂವತ್ತು ವರ್ಷ ಕನ್ನಡ ಮೇಷ್ಟರಾಗಿದ್ದವನು. ಗ್ರಂಥಸಂಪಾದನೆ, ಪಾಠಾಂತರ, ಪ್ರಕ್ಷೇಪ ಎಂಬ ಮಾತುಗಳನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದು ಅಳಿಸಿದ್ದೇನೋ ಲೆಕ್ಕವಿಲ್ಲ. ಅವುಗಳ ಅರ್ಥ ನನಗೆ ಮನವರಿಕೆಯಾದದ್ದು ಮಾತ್ರ ಕೊಳ್ಳೇಗಾಲದ ಪೇಟೆಯಲ್ಲಿ, ಇಬ್ಬರು ನಿಂತರೆ ತುಂಬಿಹೋಗುವ ಒಂದು ಗಡಿಯಾರದಂಗಡಿಯ ಮುಂದೆ, ಮೋಟು ಸ್ಟೂಲೊಂದರ ಮೇಲೆ ಕುಳಿತಿದ್ದಾಗ. ಆ ಋಣವನ್ನು ಬಹಿರಂಗವಾಗಿ ಒಪ್ಪಿಕೊಳ್ಳುವುದಕ್ಕಾಗಿ ಈ ಲೇಖನ.

ಗಡಿಯಾರ ನಮ್ಮ ತಂದೆಯವರದು, ಎಚ್.ಎಂ.ಟಿ. ಜನತಾ. 1974ರಲ್ಲಿ ಕೊಂಡದ್ದು. ಆಗ ಅವರು ಹನೂರಿನಾಚೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರು. ಹನೂರು ಇನ್ನೂ ತಾಲ್ಲೂಕಾಗಿರಲಿಲ್ಲ, ಕೊಳ್ಳೇಗಾಲದೊಳಗೇ ಸೇರಿತ್ತು. ಶಾಲೆಯ ಗಂಟೆ ಹೊಡೆಯುತ್ತಿದ್ದುದು ಈ ಗಡಿಯಾರವನ್ನು ನೋಡಿ. ಮಾದೇಶ್ವರನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರು ಶಾಲೆಯ ಜಗಲಿಯಲ್ಲಿ ದಣಿವಾರಿಸಿಕೊಳ್ಳುತ್ತ, "ಮೇಷ್ಟ್ರೇ, ಹೊತ್ತೆಷ್ಟಾಯ್ತು?" ಎಂದು ಕೇಳಿದರೆ ಅವರು ಅಂಗಿಯ ತೋಳನ್ನು ಒಂದಿಷ್ಟು ಮೇಲಕ್ಕೆ ಸರಿಸಿ, ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅದನ್ನು ನೋಡಿ, ನಿಮಿಷದ ಸಹಿತ ಹೇಳುತ್ತಿದ್ದರು. ಒಂದು ಮಳೆಗಾಲದಲ್ಲಿ ಉಡುತೊರೆ ಹಳ್ಳವನ್ನು ದಾಟುವಾಗ ಗಡಿಯಾರದೊಳಕ್ಕೆ ನೀರು ಹೊಕ್ಕಿತು. ಡಯಲಿನ ಮೇಲೆ ನಾಲ್ಕು ಗಂಟೆಯ ಬಳಿ ಕಂದುಬಣ್ಣದ ಒಂದು ಕಲೆ ನಿಂತಿತು. ನನಗೆ ನೆನಪಿರುವ ಗಡಿಯಾರಕ್ಕೆ ಯಾವಾಗಲೂ ಆ ಕಲೆಯಿದೆ.

ತಂದೆ ತೀರಿಕೊಂಡ ಮೇಲೆ ಅದು ಬೀರುವಿನಲ್ಲಿ ಮಲಗಿತು. ಈಗ ನನ್ನ ತಮ್ಮನ ಮಗಳ ಮದುವೆ ಗೊತ್ತಾಗಿ, ಅಜ್ಜನ ಗಡಿಯಾರವನ್ನು ಅವಳಿಗೆ ಕೊಡಬೇಕೆಂದು ಮನೆಯವರೆಲ್ಲ ಒಪ್ಪಿದರು. ಹೇಗೆ ಕೊಡಬೇಕೆಂಬಲ್ಲಿ ಮಾತ್ರ ಒಮ್ಮತವಾಗಲಿಲ್ಲ. ತಮ್ಮನಿಗೆ ಅದು ಫಳಫಳ ಹೊಳೆಯಬೇಕು. "ಅಣ್ಣ, ಮದುವೆ ಮನೇಲಿ ನಾಲ್ಕು ಜನ ನೋಡೋ ವಸ್ತು. ಮುಖದ ಮೇಲೆ ಅಂಥ ಕಲೆ ಇಟ್ಟುಕೊಂಡು ಕೊಡೋದೆ?" ಎಂದ. ಅವನ ಮಾತಿನಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆ. ಆದರೆ ನನಗೊಂದು ಹಳೆಯ ಗಾಯವಿತ್ತು. ನಮ್ಮ ಸೋದರಮಾವನ ಎಚ್.ಎಂ.ಟಿ. ಪೈಲಟ್ ಗಡಿಯಾರವನ್ನು ಕೆಲವು ವರ್ಷಗಳ ಹಿಂದೆ ದೊಡ್ಡ ಊರೊಂದರ ಅಂಗಡಿಗೆ ನಾನೇ ಕೊಟ್ಟು ಬಂದಿದ್ದೆ. ಹಿಂದಿರುಗಿ ಬಂದಾಗ ಅದು ಮಿರುಗುತ್ತಿತ್ತು. ಕಪ್ಪು ಡಯಲಿಗೆ ಹೊಸ ಬಣ್ಣ ಬಳಿದಿದ್ದರು. ಅಕ್ಷರಗಳು ಮೊದಲಿಗಿಂತ ದಪ್ಪವಾಗಿದ್ದವು. ಅಂಕಿಗಳು ತಮ್ಮ ತಮ್ಮ ಗೆರೆಯಿಂದ ಕೂದಲೆಳೆಯಷ್ಟು ಜಾರಿದ್ದವು. ಹಳೆಯ ಮುಳ್ಳುಗಳೆಲ್ಲಿ ಎಂದು ಕೇಳಿದ್ದಕ್ಕೆ, ಎಸೆದೆವು, ಇವು ಅದಕ್ಕಿಂತ ಚೆನ್ನಾಗಿವೆಯಲ್ಲ ಎಂಬ ಉತ್ತರ ಬಂದಿತು. ಮಾವ ಅದನ್ನು ಕಟ್ಟಿಕೊಂಡು ಎರಡು ದಿನ ಓಡಾಡಿ, ಮೂರನೆಯ ದಿನ ತೆಗೆದಿಟ್ಟರು. ಯಾಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆದುದರಿಂದ ಈ ಸಲ ಕೊಳ್ಳೇಗಾಲದ ಆ ಮುದುಕರನ್ನು ಹುಡುಕಿಕೊಂಡು ಹೋದೆ. ಅವರು ಗಡಿಯಾರದ ಹಿಂದಿನ ಮುಚ್ಚಳವನ್ನು ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬಹಳ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಹೇಳಿದ ಮೊದಲ ಮಾತು ಇದು: "ಮೇಷ್ಟ್ರೇ, ಹೊಸದು ಮಾಡ್ಕೊಡಿ ಅಂದ್ರ ನಾಳೆನೇ ಕೊಡ್ತೀನಿ. ಇದ್ದಂಗೇ ಇರಬೇಕು, ಓಡಲೂಬೇಕು ಅಂದ್ರ ಹದಿನೈದು ದಿನ ಬೇಕು ಕನಾ."

ಹೊಸದು ಮಾಡುವುದಕ್ಕೆ ಒಂದು ದಿನ, ಇದ್ದಂತೆ ಇಡುವುದಕ್ಕೆ ಹದಿನೈದು ದಿನ! ಗ್ರಂಥಸಂಪಾದನೆಯ ಕಷ್ಟವನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನನ್ನ ವಾದವೆಲ್ಲ ನಿಂತಿರುವುದು ಅದರ ಮೇಲೆ. ಇಂಥ ಗಡಿಯಾರದಲ್ಲಿ ದಿನವೂ ಕೀ ಕೊಟ್ಟಾಗ ಒಂದು ಉಕ್ಕಿನ ಸುರುಳಿ ಬಿಗಿದುಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವ ಬಲವನ್ನು ಹಲ್ಲುಚಕ್ರಗಳ ಸಾಲು ಮುಂದಕ್ಕೆ ಸಾಗಿಸುತ್ತದೆ. ಕೊನೆಯಲ್ಲಿ, ಕೂದಲಿನಂಥ ಇನ್ನೊಂದು ಸುರುಳಿಯನ್ನು ಹೊತ್ತ ಬ್ಯಾಲೆನ್ಸ್ ಚಕ್ರ ಅತ್ತಿತ್ತ ತೂಗಿ ಆ ಬಲವನ್ನು ಎಣಿಸಿ ಎಣಿಸಿ ಬಿಡುತ್ತದೆ. ಗಂಟೆಗೆ 18,000 ಬಡಿತ. ಎಂದರೆ ಸೆಕೆಂಡಿಗೆ ಐದು, ದಿನವೊಂದಕ್ಕೆ 4,32,000. ಇಷ್ಟು ತಿರುಗುವ ಅಚ್ಚುಗಳು ಸವೆಯದಂತೆ ಅವುಗಳ ತುದಿಗೆ ಕೃತಕ ಮಾಣಿಕ್ಯದ ಗುಳಿಗಳನ್ನು ಕೂರಿಸಿರುತ್ತಾರೆ. ಡಯಲಿನ ಮೇಲೆ ಬರೆದಿರುವ ಹದಿನೇಳು ಕಲ್ಲು ಇವೇ, ಅಲಂಕಾರದ ಕಲ್ಲುಗಳಲ್ಲ. ವರ್ಷಗಳು ಕಳೆದಂತೆ ಎಣ್ಣೆ ಒಣಗಿ ಅಂಟಾಗುತ್ತದೆ, ಅದಕ್ಕೆ ದೂಳು ಸೇರುತ್ತದೆ, ಉಕ್ಕಿನ ಸುರುಳಿ ದಣಿಯುತ್ತದೆ.

ಮುದುಕರು ಒಂದೊಂದು ಭಾಗವನ್ನೂ ಬಿಚ್ಚಿ, ಬಿಚ್ಚಿದ ಕ್ರಮದಲ್ಲಿಯೇ ಸಣ್ಣ ಸಣ್ಣ ಬಟ್ಟಲುಗಳಲ್ಲಿ ಇಟ್ಟರು. ಪೆಟ್ರೋಲಿನಲ್ಲಿ ತೊಳೆದರು. ಕಲ್ಲುಗಳ ಗುಳಿಯನ್ನು ಚೂಪಾದ ಕಡ್ಡಿಯಿಂದ ತಿರುವಿ ತಿರುವಿ ಶುಚಿಮಾಡಿದರು. ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಎಣ್ಣೆಯನ್ನು ಬೇಕಾದ ಕಡೆ ಮಾತ್ರ ಇಟ್ಟರು. ದಣಿದ ಸುರುಳಿಯನ್ನು ತೆಗೆದು ಬೇರೆಯದನ್ನು ಹಾಕಿದರು. ಮೇಲಿನ ಒಡೆದ ಗಾಜನ್ನೂ ಬದಲಾಯಿಸಿದರು. ಮುಳ್ಳುಗಳನ್ನು ಎಬ್ಬಿಸುವಾಗ ಡಯಲಿಗೆ ಗೀರು ಬೀಳದಿರಲೆಂದು ಕೆಳಗೆ ತೆಳು ಪ್ಲಾಸ್ಟಿಕ್ಕಿನ ಹಾಳೆ ಹಾಸಿದರು. ಡಯಲನ್ನು ಮಾತ್ರ ಮೃದುವಾದ ಕುಂಚದಿಂದ ದೂಳು ಹೊಡೆದು ಹಾಗೆಯೇ ಬಿಟ್ಟರು. ಕಲೆಯನ್ನು ಸ್ವಲ್ಪ ತಿಳಿಮಾಡಲಾಗದೆ ಎಂದು, ತಮ್ಮನ ಪರವಾಗಿ, ನಾನು ಕೇಳಿದೆ. "ನೀರು ಮುಟ್ಟಿಸಿದ್ರ ಕಲೆಗಿಂತ ಮೊದಲು ಅಕ್ಷರ ಹೋಯ್ತದ. ಅಕ್ಷರ ಬರ್ದೋರು ಫ್ಯಾಕ್ಟರಿಯೋರು. ಅದ ಅಳಿಸೋಕ ನಾನ್ಯಾರು?" ಎಂದರು.

ಅಲ್ಲಿಂದೀಚೆಗೆ ನಾನು ಸುಮ್ಮನೆ ಕೂರಲಿಲ್ಲ. ಮನಸ್ಸಿನಲ್ಲಿಯೇ ಪಾಠ ಹೇಳತೊಡಗಿದೆ. ಹಳೆಯ ಕಾವ್ಯವೊಂದು ನಮ್ಮ ಕೈಗೆ ಬರುವುದೂ ಹೀಗೆಯೇ. ಲಿಪಿಕಾರರ ಕೈತಪ್ಪುಗಳೆಂಬ ದೂಳು ಅಂಟಿರುತ್ತದೆ. ಹುಳು ತಿಂದ ಗರಿಗಳಿರುತ್ತವೆ. ಯಾರೋ ಭಕ್ತಿಯಿಂದಲೋ ಹುಮ್ಮಸ್ಸಿನಿಂದಲೋ ಸೇರಿಸಿದ ಪದ್ಯಗಳಿರುತ್ತವೆ. ದೂಳನ್ನು ತೆಗೆಯಬೇಕು, ಅಕ್ಷರವನ್ನು ತೆಗೆಯಬಾರದು. ಯಾವುದು ದೂಳು ಯಾವುದು ಅಕ್ಷರ ಎಂದು ನಿರ್ಣಯಿಸುವುದೇ ವಿಮರ್ಶೆ. ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ವಡ್ಡಾರಾಧನೆಯನ್ನು ಸಂಪಾದಿಸಿ ಕೊಟ್ಟವರು. ಆ ವಿದ್ಯೆಯ ನಿಯಮಗಳನ್ನೇ ಕುರಿತು 1964ರಲ್ಲಿ 'ಕನ್ನಡ ಗ್ರಂಥಸಂಪಾದನೆ'ಯನ್ನು ಪ್ರಕಟಿಸಿದರು. ಅದೇ 1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ಶಿಲ್ಪಿಗಳೂ ಪ್ರಾಚ್ಯವಸ್ತು ತಜ್ಞರೂ ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸನ್ನದನ್ನು ಒಪ್ಪಿಕೊಂಡರು. ಊಹೆ ಎಲ್ಲಿ ಮೊದಲಾಗುತ್ತದೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಹೊಸದೆಂದು ಕಾಣಿಸುವಂತಿರಬೇಕು ಎಂಬುದು ಅದರ ತಿರುಳು. ಒಬ್ಬರು ತಾಳೆಗರಿಯನ್ನು ಕುರಿತು ಚಿಂತಿಸಿದರು, ಇನ್ನೊಂದು ಗುಂಪು ಕಲ್ಲುಗಾರೆಯನ್ನು ಕುರಿತು ಚಿಂತಿಸಿತು. ಕೊಳ್ಳೇಗಾಲದ ಮುದುಕರು ಈ ಎರಡನ್ನೂ ಓದಿದವರಲ್ಲ. ಆದರೂ ಅವರ ಕೈ ಆ ನಿಯಮಗಳನ್ನು ಬಲ್ಲುದು.

ಸಾಮ್ಯವನ್ನು ಇನ್ನಷ್ಟು ಹತ್ತಿರದಿಂದ ನೋಡಬಹುದು. ಬೆಂಗಳೂರಿನ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ ಕೈಗಡಿಯಾರದ ಕಾರ್ಖಾನೆಯನ್ನು ತೆರೆದದ್ದು 1961ರಲ್ಲಿ. ಅದರ ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನಕ್ಕೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆಯಿತ್ತದ್ದು 2016ರ ಜನವರಿಯಲ್ಲಿ. ಎಂದಮೇಲೆ ಜನತಾ ಗಡಿಯಾರಕ್ಕೆ ಬೇಕಾದ ಬಿಡಿಭಾಗ ಇಂದು ಎರಡೇ ಕಡೆಯಿಂದ ಬರಬೇಕು: ಹಳೆಯ ದಾಸ್ತಾನಿನಿಂದ, ಇಲ್ಲವೆ ಸತ್ತ ಇನ್ನೊಂದು ಜನತಾ ಗಡಿಯಾರದಿಂದ. ಮುದುಕರ ಹಿಂದೆ ಬಿಸ್ಕತ್ತಿನ ಡಬ್ಬದ ತುಂಬ ಅಂಥ ಸತ್ತ ಗಡಿಯಾರಗಳಿದ್ದವು. ಒಂದೇ ಕಾವ್ಯದ ಇನ್ನೊಂದು ಪ್ರತಿಯಿಂದ ಪಾಠವನ್ನು ತಂದು ತುಂಬುವಂತೆ ಇದು, ನ್ಯಾಯವಾದ ಮಾರ್ಗ. ಎಲ್ಲಿಯೂ ಸಿಕ್ಕದ ಭಾಗವನ್ನು ಹೊಸದಾಗಿ ಕಡೆದು ಕೂರಿಸಿದರೆ ಅದು ಸಂಪಾದಕನ ಊಹಾಪಾಠ. ಅನಿವಾರ್ಯವಾದಾಗ ಮಾಡಬಹುದು, ಮಾಡಿದೆನೆಂದು ಹೇಳಬೇಕು. ಡಯಲಿಗೆ ಹೊಸ ಬಣ್ಣ ಬಳಿದು, ಹೊಸ ಅಕ್ಷರ ಅಚ್ಚೊತ್ತಿ, ಹಳೆಯದೆಂದು ಕೊಡುವುದು ಪ್ರಕ್ಷೇಪ. ತೆಗೆದ ಸುರುಳಿಯನ್ನೂ ಒಡೆದ ಗಾಜನ್ನೂ ಮುದುಕರು ಎಸೆಯದೆ ಒಂದು ಸಣ್ಣ ಪೊಟ್ಟಣದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು. ಅದು ಅಡಿಟಿಪ್ಪಣಿ. ಸಂಪಾದಕನು ಬಿಟ್ಟ ಪಾಠಗಳನ್ನು ಪುಟದ ಕೆಳಗೆ ಕೊಡುವುದು ಪಾಂಡಿತ್ಯದ ಪ್ರದರ್ಶನಕ್ಕಲ್ಲ. ತನ್ನ ನಿರ್ಣಯ ತಪ್ಪಾಗಿದ್ದರೆ ಮುಂದೆ ಬರುವವನು ತಿದ್ದಲಿ ಎಂದು.

ಇಲ್ಲಿಯವರೆಗೆ ಎಲ್ಲವೂ ಅಚ್ಚುಕಟ್ಟಾಗಿ ಹೊಂದಿಕೊಂಡಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ಸುಖದ ಹೋಲಿಕೆಯಾಗುತ್ತಿತ್ತು. ಆದರೆ ಮಾರನೆಯ ವಾರ ಹೋದಾಗ ಮುದುಕರು ಗಡಿಯಾರವನ್ನು ಮುಂದಿಟ್ಟು, "ಈ ಸೆಕೆಂಡಿನ ಮುಳ್ಳು ಇದರದಲ್ಲ" ಎಂದರು.

ನೋಡಿದೆ. ಗಂಟೆಯ ಮುಳ್ಳಿಗೂ ನಿಮಿಷದ ಮುಳ್ಳಿಗೂ ಇದ್ದ ಬಣ್ಣ ಅದಕ್ಕಿರಲಿಲ್ಲ. ಉದ್ದವೂ ಗೆರೆಗಳನ್ನು ಮುಟ್ಟದೆ ಸ್ವಲ್ಪ ಮೋಟಾಗಿತ್ತು. ಜೀವಮಾನವಿಡೀ ನೋಡಿದ್ದರೂ ಗಮನಿಸಿರಲಿಲ್ಲ. ಹಿಂದಿನ ಮುಚ್ಚಳದ ಒಳಮೈಯನ್ನು ಅವರು ಬೆಳಕಿಗೆ ಓರೆಯಾಗಿ ಹಿಡಿದರು. ಗಡಿಯಾರ ಬಿಚ್ಚಿದವರು ಸೂಜಿಯಿಂದ ತಮ್ಮ ಗುರುತು ಗೀಚಿಡುವುದು ಈ ಕಸುಬಿನ ರೂಢಿ. ಅಲ್ಲಿ 3-79 ಎಂದೂ 11-86 ಎಂದೂ ಇತ್ತು; ಮೂರನೆಯ ಗುರುತೊಂದು ಓದಲಾಗದಂತೆ ಸವೆದಿತ್ತು. ಓಲೆಯ ಪ್ರತಿಯ ಕೊನೆಯಲ್ಲಿ ಲಿಪಿಕಾರನು ತಿಥಿವಾರಗಳನ್ನು ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡಿಕೊಳ್ಳುತ್ತಾನಲ್ಲ, ಅದು ನೆನಪಾಯಿತು. ಆ ರಿಪೇರಿಗಳಲ್ಲೊಂದರಲ್ಲಿ ಯಾರೋ, ಸರಿಯಾದ ಮುಳ್ಳು ಸಿಕ್ಕದೆ, ಇದನ್ನು ಹಾಕಿರಬೇಕು. ಅಪ್ಪನಿಗೆ ಅದು ತಿಳಿದಿತ್ತೋ ಇಲ್ಲವೋ. ತಿಳಿದಿದ್ದರೂ ಮೇಷ್ಟರ ಸಂಬಳದಲ್ಲಿ ಓಡುವ ಗಡಿಯಾರದ ಮುಳ್ಳಿನ ಬಣ್ಣವನ್ನು ಕೇಳುವ ಶೋಕಿ ಅವರಿಗಿರಲಿಲ್ಲ.

ಮುದುಕರ ಡಬ್ಬದಲ್ಲಿ ಸರಿಯಾದ ಮುಳ್ಳು ಇತ್ತು. ಹಾಕಲೆ ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ.

ಮೂಲವನ್ನು ಉಳಿಸಬೇಕೆಂದು ಹಟ ಹಿಡಿದವನು ನಾನು. ಯಾವ ಮೂಲ? ಕಾರ್ಖಾನೆಯಿಂದ ಹೊರಬಿದ್ದ ದಿನ ಇದ್ದದ್ದು ಮೂಲವೆನ್ನುವುದಾದರೆ ಮೋಟುಮುಳ್ಳು ಹೋಗಬೇಕು, ಸರಿಯಾದದ್ದು ಬರಬೇಕು. ಅದೇ ನ್ಯಾಯದಿಂದ ಉಡುತೊರೆಯ ಕಲೆಯೂ ಹೋಗಬೇಕು. ಅಪ್ಪನ ಕೈಯಲ್ಲಿ ಇದ್ದದ್ದು ಮೂಲವೆನ್ನುವುದಾದರೆ ಎರಡೂ ಉಳಿಯಬೇಕು. ಒಂದರಲ್ಲಿ ನಾನು ಕರ್ತೃವಿನ ಪಕ್ಷ, ಇನ್ನೊಂದರಲ್ಲಿ ವಾಚಕನ ಪಕ್ಷ. ಎರಡನ್ನೂ ಒಂದೇ ಹೆಸರಿನಿಂದ ಕರೆದು ಇಷ್ಟು ದಿನ ನನ್ನನ್ನೇ ನಾನು ನಂಬಿಸಿಕೊಂಡಿದ್ದೆ.

ಸಾಹಿತ್ಯದಲ್ಲಿಯೂ ನಾನು ಇದೇ ತಪ್ಪನ್ನು ಮಾಡಿದ್ದೇನೆಂದು ಆಗ ಹೊಳೆಯಿತು. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಕೊಳ್ಳೇಗಾಲದ ನೆರೆಯ ಯಳಂದೂರಿಗೆ ಹೋದರೆ ಸಾಕು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಆ ಊರಿನಿಂದ ಚಿಕ್ಕದೇವರಾಜ ಒಡೆಯರ ಅರಮನೆಗೆ ಹೋಗಿ, ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದು, ಸಿಂಗರಾರ್ಯನ ಬಳಿ ಕಲಿತು, ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ'ವನ್ನು ಬರೆದವಳು ಸಂಚಿಯ ಹೊನ್ನಮ್ಮ. ಹೆಣ್ಣೆಂದು ಹೀಗಳೆಯುವವರನ್ನು ಅವಳು ನೇರವಾಗಿ ಪ್ರಶ್ನಿಸುವ ಕೆಲವೇ ಪದ್ಯಗಳು ಎಲ್ಲರಿಗೂ ಗೊತ್ತು. ಆ ಪದ್ಯಗಳನ್ನು ನಾನು ವರ್ಷವರ್ಷವೂ ಆವೇಶದಿಂದ ಪಾಠ ಹೇಳಿದೆ. ಉಳಿದ ಕಾವ್ಯವನ್ನು ಹೇಳಲಿಲ್ಲ. ಪತಿವ್ರತೆಯಾದವಳು ಗಂಡನಿಗೂ ಅತ್ತೆಮಾವಂದಿರಿಗೂ ಹೇಗೆ ನಡೆದುಕೊಳ್ಳಬೇಕೆಂದು ಸಂಧಿಸಂಧಿಯಾಗಿ ಬೋಧಿಸುವ ಗ್ರಂಥ ಅದು. ಆ ಭಾಗ ಇಂದಿನ ನಮಗೆ ರುಚಿಸುವುದಿಲ್ಲ. ಆದುದರಿಂದ ನಾನು ಹೊನ್ನಮ್ಮನ ಡಯಲಿಗೆ ಹೊಸ ಬಣ್ಣ ಬಳಿದೆ. ತರಗತಿಯ ಹೆಣ್ಣುಮಕ್ಕಳು ಕಂಡ ಹೊನ್ನಮ್ಮ ಹೊಳೆಯುತ್ತಿದ್ದಳು, ನಿಜ. ಆದರೆ ಅರಮನೆಯ ಊಳಿಗದಲ್ಲಿದ್ದುಕೊಂಡು, ಪಾತಿವ್ರತ್ಯದ ಬೋಧೆಯನ್ನು ಬರೆಯುತ್ತ, ಅದರ ನಡುವೆಯೇ ಆ ಪ್ರಶ್ನೆಯನ್ನು ಎತ್ತುವುದಕ್ಕೆ ಎಂಥ ಎದೆ ಬೇಕಾಗಿತ್ತೆಂಬುದು ಅವರಿಗೆ ತಿಳಿಯುವಂತೆಯೇ ಇರಲಿಲ್ಲ. ಕಲೆಯನ್ನು ಒರಸಿದಾಗ ಅದರ ಜೊತೆಗೆ ಅಕ್ಷರವೂ ಹೋಗಿತ್ತು. ಎದುರು ಪಕ್ಷದವರು ಇದ್ದಾರೆ: ಬೋಧೆಯನ್ನೇ ಎತ್ತಿ ತೋರಿಸಿ, ಇದು ಹಳೆಯ ನೀತಿಪಾಠ, ಪೆಟ್ಟಿಗೆಯಲ್ಲಿರಲಿ ಎನ್ನುವವರು. ಅವರು ಓಡುವ ಗಡಿಯಾರವನ್ನು ಬೀರುವಿನಲ್ಲಿ ಮಲಗಿಸುವವರು. ಇಬ್ಬರೂ ಪೂರ್ತಿ ಬಿಚ್ಚಿ ನೋಡಿದವರಲ್ಲ.

ಹಾಗೆಂದು ಎಲ್ಲ ವಸ್ತುವಿಗೂ ಗಡಿಯಾರದ ನ್ಯಾಯವನ್ನೇ ಹಚ್ಚಬಾರದು. ಅದೇ ಯಳಂದೂರಿನ ಗೌರೀಶ್ವರ ದೇವಾಲಯದ ಮುಂದೆ ಹದಿನಾಡಿನ ಪಾಳೆಯಗಾರರ ಕಾಲದ ಬಳೆಮಂಟಪವಿದೆ. ಕಲ್ಲಿನ ಬಳೆಗಳು ಒಂದಕ್ಕೊಂದು ಕೋದುಕೊಂಡು ಸರಪಣಿಯಾಗಿ ಇಳಿಬಿದ್ದಿವೆ. ಒಂದೇ ಕಲ್ಲಿನಿಂದ ಬಿಡಿಸಿದ್ದು, ಎಲ್ಲಿಯೂ ಬೆಸುಗೆಯಿಲ್ಲ. ಅದರಲ್ಲೊಂದು ಬಳೆ ಮುರಿದರೆ ಬೇರೆ ಬಳೆಯನ್ನು ತಂದು ಕೋಯುವಂತಿಲ್ಲ. ಕೋಯಬೇಕಾದರೆ ಅದನ್ನು ಸೀಳಬೇಕು, ಸೀಳಿದರೆ ಶಿಲ್ಪಿಯ ಪವಾಡವೇ ಸುಳ್ಳಾಗುತ್ತದೆ. ಅಲ್ಲಿ ರಕ್ಷಣೆಯೆಂದರೆ ಮುಟ್ಟದಿರುವುದು. ಇಂಗ್ಲೆಂಡಿನ ರಸ್ಕಿನ್ 1849ರಲ್ಲಿ ವಾಸ್ತುವನ್ನು ಕುರಿತು ಬರೆದಾಗ, ಜೀರ್ಣೋದ್ಧಾರವೆಂಬುದು ನಾಶದ ಇನ್ನೊಂದು ಹೆಸರೆಂಬಷ್ಟು ಕಟುವಾಗಿ ವಾದಿಸಿದ. ಬಳೆಮಂಟಪದ ಮುಂದೆ ನಿಂತಾಗ ಅವನ ಮಾತು ಒಪ್ಪಿಗೆಯಾಗುತ್ತದೆ. ಗಡಿಯಾರದ ಮುಂದೆ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಓಡದ ಗಡಿಯಾರ ಅರ್ಧ ಗಡಿಯಾರ.

ಹನೂರಿನ ಕಡೆ ಹೊರಳಿದರೆ ನ್ಯಾಯ ಮತ್ತೆ ಬದಲಾಗುತ್ತದೆ. ಮಾದೇಶ್ವರನ ಕಥೆಯನ್ನು ಕಂಸಾಳೆಯವರೂ ದೇವರಗುಡ್ಡರೂ ಹಾಡುವುದನ್ನು ನಾನು ಶಾಲೆಯ ಜಗಲಿಯಲ್ಲಿಯೇ ಕೇಳಿ ಬೆಳೆದವನು. ಸಂಕಮ್ಮನ ಸಾಲನ್ನು ಒಬ್ಬರು ಹಾಡಿದಂತೆ ಇನ್ನೊಬ್ಬರು ಹಾಡಲಿಲ್ಲ. ಅವರೇ ಮರುವರ್ಷ ಬಂದಾಗ ಹೋದ ವರ್ಷದಂತೆ ಹಾಡಲಿಲ್ಲ. ಕೇಳುವವರಲ್ಲಿ ಹೆಂಗಸರು ಹೆಚ್ಚಾಗಿದ್ದರೆ ಸಂಕಮ್ಮನ ಸಂಕಟ ಉದ್ದವಾಗುತ್ತಿತ್ತು. ಇಲ್ಲಿ ಪ್ರತಿಯೊಂದು ಬಿಡಿಭಾಗವೂ ಹಾಡುವಾಗಲೇ ತಯಾರಾಗುತ್ತದೆ. ಕಾರ್ಖಾನೆಯ ಮೂಲವೆಂಬುದೇ ಇಲ್ಲ. ಡಾ. ಪಿ. ಕೆ. ರಾಜಶೇಖರ ಅವರು 1970ರ ದಶಕದಲ್ಲಿ ಈ ಮಹಾಕಾವ್ಯವನ್ನು ಅಚ್ಚಿಗೆ ತಂದು ಮಹದುಪಕಾರ ಮಾಡಿದರು. ಆ ಪುಸ್ತಕವಿಲ್ಲದಿದ್ದರೆ ನಮ್ಮ ವಿದ್ಯಾವಂತರಲ್ಲಿ ಎಷ್ಟು ಜನಕ್ಕೆ ಈ ಕಾವ್ಯದ ಅಳತೆ ತಿಳಿಯುತ್ತಿತ್ತೋ ಸಂದೇಹ. ಆದರೆ ಅಚ್ಚಾದ ಪಾಠವನ್ನು ಹಿಡಿದುಕೊಂಡು ಜಗಲಿಯ ಮೇಲೆ ಹಾಡುವವನಿಗೆ, ನೀನು ಮೂಲ ಕೆಡಿಸಿದೆ ಎಂದು ಯಾರಾದರೂ ಹೇಳಿದರೆ ಅದು ಅವಿವೇಕ. ಅವನು ಕೆಡಿಸುತ್ತಿಲ್ಲ, ಕೀ ಕೊಡುತ್ತಿದ್ದಾನೆ. ಚಿಕ್ಕಲ್ಲೂರಿನ ಜಾತ್ರೆಗೆ ಬರುವ ನೀಲಗಾರರು ಹಾಡುವ ಮಂಟೇಸ್ವಾಮಿಯ ಕಥೆಗೂ ಇದೇ ಮಾತು. ಅದೇ ಕಥೆಯನ್ನು ಎತ್ತಿಕೊಂಡು ಎಚ್. ಎಸ್. ಶಿವಪ್ರಕಾಶರು 'ಮಂಟೇಸ್ವಾಮಿ ಕಥಾಪ್ರಸಂಗ'ವೆಂಬ ನಾಟಕವನ್ನು ಬರೆದಾಗ ಅವರು ಹಳೆಯದನ್ನು ರಿಪೇರಿ ಮಾಡಹೊರಡಲಿಲ್ಲ. ತಮ್ಮದೆಂದು ಹೇಳಿಯೇ ಹೊಸದನ್ನು ಮಾಡಿದರು. ಹೊಸದನ್ನು ಮಾಡುವವನ ಮೇಲೆ ನನಗೆ ದೂರಿಲ್ಲ. ಹೊಸದನ್ನು ಮಾಡಿ ಹಳೆಯದೆಂದು ಕೊಡುವವನ ಮೇಲೆಯೇ ದೂರು.

ಕಲ್ಲು, ಗಡಿಯಾರ, ಹಾಡು ಈ ಮೂರಕ್ಕೂ ಮೂರು ಬಗೆಯ ಮರ್ಯಾದೆ ಸಲ್ಲಬೇಕು. ಕಲ್ಲನ್ನು ಮುಟ್ಟಬಾರದು, ಹಾಡನ್ನು ಮುಟ್ಟದೆ ಬಿಡಬಾರದು, ಗಡಿಯಾರವನ್ನು ಮುಟ್ಟಬೇಕು, ಮುಟ್ಟಿದ ಗುರುತನ್ನು ಮುಚ್ಚಿಡಬಾರದು. ನಮ್ಮ ಹಳೆಯ ಬರೆಹದ ಕಾವ್ಯಗಳು ಈ ಮೂರನೆಯ ಜಾತಿಗೆ ಸೇರಿದವು. ಅವು ಓದಿಸಿಕೊಳ್ಳಬೇಕು, ಓದಿಸಿಕೊಳ್ಳುವುದಕ್ಕಾಗಿ ಪದವಿಭಾಗ, ಅರ್ಥ, ಪೀಠಿಕೆ ಎಂಬ ಹೊಸ ಸುರುಳಿಯನ್ನು ನಾವು ಹಾಕಲೇಬೇಕು. ಹಾಕದೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದು ಜಿಪುಣತನ. ಅದರ ಮುಖವನ್ನು ಮಾತ್ರ ನಮ್ಮ ಮುಖದಂತೆ ಮಾಡಿಕೊಳ್ಳಬಾರದು.

ಇನ್ನು ಆ ಸೆಕೆಂಡಿನ ಮುಳ್ಳಿನ ವಿಷಯ. ಮುದುಕರು ಸರಿಯಾದ ಮುಳ್ಳಿನ ಪಕ್ಷ. ಮಾಡಿದವನು ಹೇಗೆ ಮಾಡಿದನೋ ಹಾಗಿರಬೇಕು, ನಡುವೆ ಬಂದ ರಿಪೇರಿಯವನ ತಪ್ಪನ್ನು ನಾನೇಕೆ ಕಾಯಲಿ ಎಂಬುದು ಅವರ ವಾದ. ಗ್ರಂಥಸಂಪಾದನೆಯ ಶಾಸ್ತ್ರವೂ ಅವರ ಕಡೆಗೇ ಇದೆ. ಕವಿ ಬರೆದದ್ದನ್ನು ಅರಸುವುದು ಸಂಪಾದಕನ ಧರ್ಮ, ಲಿಪಿಕಾರನ ತಪ್ಪನ್ನು ಆರಾಧಿಸುವುದಲ್ಲ. ಈ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಮೋಟುಮುಳ್ಳೇ ಇರಲಿ ಎಂದೆ. ನಾನು ಉಳಿಸಹೊರಟದ್ದು ಎಚ್.ಎಂ.ಟಿ.ಯವರ ಕೃತಿಯನ್ನಲ್ಲ, ಅಪ್ಪ ತೋಳು ಸರಿಸಿ ನೋಡುತ್ತಿದ್ದುದನ್ನು. ಇದು ಸಂಪಾದಕನ ನಿರ್ಣಯವಲ್ಲ, ಮಗನ ನಿರ್ಣಯ. ವಿಮರ್ಶೆಯ ಹೆಸರಿನಲ್ಲಿ ಅದನ್ನು ಸಮರ್ಥಿಸಲು ಹೋದರೆ ನಾನೂ ಒಂದು ಬಗೆಯ ಪ್ರಕ್ಷೇಪಕಾರನೇ ಆದೇನು. ನಮ್ಮ ಮೆಚ್ಚುಗೆಗಳಲ್ಲಿ ಎಷ್ಟು ಪಾಲು ಕೃತಿಗೆ ಸಲ್ಲುತ್ತದೆ, ಎಷ್ಟು ಪಾಲು ಅದನ್ನು ಮೊದಲು ಓದಿದ ಜಗಲಿಗೆ ಸಲ್ಲುತ್ತದೆ ಎಂದು ಬೇರ್ಪಡಿಸಿ ಹೇಳುವ ಪ್ರಾಮಾಣಿಕತೆಯಾದರೂ ವಿಮರ್ಶಕನಿಗೆ ಬೇಕು. ಆದುದರಿಂದ ಹೇಳಿದ್ದೇನೆ.

ಮುದುಕರು ವಾದ ಬೆಳೆಸಲಿಲ್ಲ. "ನಿಮ್ಮ ವಸ್ತು, ನಿಮ್ಮಿಷ್ಟ" ಎಂದು ಸರಿಯಾದ ಮುಳ್ಳನ್ನು ಒಂದು ಚೂರು ಕಾಗದದಲ್ಲಿ ಮಡಿಸಿ ಅದೇ ಪೊಟ್ಟಣದೊಳಕ್ಕೆ ಹಾಕಿದರು. ಅದಕ್ಕೆ ಕಾಸು ತೆಗೆದುಕೊಳ್ಳಲಿಲ್ಲ. ಆಮೇಲೆ ಮುಚ್ಚಳದ ಒಳಮೈಯಲ್ಲಿ, 11-86ರ ಕೆಳಗೆ, ತಮ್ಮ ಗುರುತನ್ನೂ ತಿಂಗಳು ವರ್ಷವನ್ನೂ ಗೀಚಿ, ಮುಚ್ಚಿ, ಕಿವಿಗೆ ಹಿಡಿದು ಕೇಳಿ, ನನ್ನ ಕೈಗಿಟ್ಟರು.

ಗಡಿಯಾರ ಈಗ ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಕೊಂಬುಗಳ ಬಳಿ ಲೇಪ ಸವೆದು ಹಿತ್ತಾಳೆ ಕಾಣುತ್ತದೆ. ಅದನ್ನು ಉಜ್ಜಲು ನಾನು ಬಿಡಲಿಲ್ಲ. ತಮ್ಮನಿಗೆ ಸಮಾಧಾನವಾಗಿಲ್ಲ, ಹೊಸ ಪಟ್ಟಿಯನ್ನಾದರೂ ಹಾಕಿಸುತ್ತೇನೆಂದ, ಒಪ್ಪಿದೆ. ಮದುವೆಗೆ ಇನ್ನೂ ಮೂರು ವಾರವಿದೆ. ಹುಡುಗಿಗೆ ಗಡಿಯಾರದ ಜೊತೆಗೆ ಪೊಟ್ಟಣವನ್ನೂ ಕೊಟ್ಟು, ಯಾವ ಮುಳ್ಳು ಯಾವುದೆಂದು ಒಂದು ಚೀಟಿಯಲ್ಲಿ ಬರೆದಿಡಬೇಕೆಂದಿದ್ದೇನೆ. ಅವಳು ಬದಲಾಯಿಸಿಕೊಂಡರೆ ನನಗೆ ಬೇಸರವಾಗಬಹುದು, ಆದರೆ ಅವಳು ತಪ್ಪು ಮಾಡಿದಂತಾಗುವುದಿಲ್ಲ.